ಕಾಡಿಗೆ ಲೆಕ್ಕದ ಪುಸ್ತಕ ಇಟ್ಟ ಡಾಕ್ಟರ್ ಕ್ಲೆಗಾರ್ನ್ ಸಾಹೇಬರು



ನಮ್ಮ ಸಂಘವು ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ವಿಷಯವಾಗಿದೆ. ಈ ಸ್ಮರಣ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನ ಚರಿತ್ರೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಮಹಾತ್ಮ ಗಾಂಧಿಯವರು, ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯನವರು, ಸಹಕಾರಿ ಚಳವಳಿಯ ಪಿತಾಮಹರಾದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು, ಇವರೆಲ್ಲರ ಬಗ್ಗೆ ನಮಗಿಂತ ಓದಿದವರು ಬೇಕಾದಷ್ಟು ಬರೆದಿದ್ದಾರೆ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಮಾತ್ರ, ಮಾಡುವುದು ಬೇಸಾಯ. ಕಾಡಂಚಿನ ತಾಲ್ಲೂಕಿನವರಾದ ನಮಗೆ ದಿನಾ ಬೆಳಗಾದರೆ ಕಾಡಿನದೇ ಮಾತು. ಆನೆ ಬಂತು, ಸೌದೆ ಸಿಗಲಿಲ್ಲ, ಮರ ಕಡಿಯೋಕೆ ಪರ್ಮಿಟ್ ಬೇಕು, ಹೀಗೆ. ಈ ಕಾಡಿನ ಕಾನೂನು, ಮೀಸಲು ಅರಣ್ಯ, ಮರಕ್ಕೆ ನಂಬರು ಹೊಡೆಯೋದು, ಇದೆಲ್ಲ ಎಲ್ಲಿಂದ ಶುರುವಾಯಿತು ಅಂತ ತಿಳಿಯುವ ಆಸೆಯಿಂದ ಓದಿದಾಗ ಸಿಕ್ಕವರು ಡಾಕ್ಟರ್ ಹ್ಯೂ ಕ್ಲೆಗಾರ್ನ್ ಸಾಹೇಬರು. ದಕ್ಷಿಣ ಭಾರತದ ಅರಣ್ಯ ಇಲಾಖೆಗೆ ತಳಪಾಯ ಹಾಕಿದವರು ಇವರು. ಇವರಿಗೆ ಕಾಡಿನ ಪಾಠ ಶುರುವಾದದ್ದು ನಮ್ಮ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ. ಆದ್ದರಿಂದ ಅವರ ಜೀವನವನ್ನೇ ಸದಸ್ಯರ ಮುಂದಿಡುತ್ತಿದ್ದೇವೆ.

ಮನೆತನ ಮತ್ತು ಬಾಲ್ಯ

ಕ್ಲೆಗಾರ್ನ್ ಸಾಹೇಬರು 1820ನೇ ಇಸವಿ ಆಗಸ್ಟ್ 9ರಂದು ಮದ್ರಾಸಿನಲ್ಲಿ ಹುಟ್ಟಿದರು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಮೂಲ ಊರು ಸ್ಕಾಟ್‌ಲೆಂಡಿನ ಫೈಫ್ ಸೀಮೆಯ ಸ್ಟ್ರಾವಿಥಿ. ಇವರ ತಾತನ ಹೆಸರೂ ಹ್ಯೂ ಕ್ಲೆಗಾರ್ನ್. ಆ ತಾತ ಮೊದಲು ಕಾಲೇಜು ಮೇಷ್ಟ್ರಾಗಿದ್ದು, ಆಮೇಲೆ ಇಂಗ್ಲಿಷ್ ಸರ್ಕಾರದ ಕೆಲಸಕ್ಕೆ ಸೇರಿ, ಸಿಲೋನಿನಲ್ಲಿ ಡಚ್ಚರ ಕಡೆ ಸಂಬಳಕ್ಕಿದ್ದ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆಯನ್ನು 1795ರಲ್ಲಿ ಇಂಗ್ಲಿಷರ ಕಡೆಗೆ ತಿರುಗಿಸಿದವರು. ಅದೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪು ಸುಲ್ತಾನರ ಎದುರು ಇತ್ತು. ಹೀಗೆ ಈ ಮನೆತನಕ್ಕೂ ನಮ್ಮ ಸೀಮೆಗೂ ಮೊಮ್ಮಗ ಹುಟ್ಟುವ ಮುಂಚೆಯೇ ಒಂದು ನಂಟು ಬಿದ್ದಿತ್ತು.

ಆಗಿನ ಬಿಳಿಯರ ಪದ್ಧತಿಯಂತೆ ಹುಡುಗನನ್ನು ಚಿಕ್ಕಂದಿನಲ್ಲೇ ಹಡಗು ಹತ್ತಿಸಿ ಊರಿಗೆ ಕಳಿಸಿದರು. ತಾತನ ಜಮೀನಿನಲ್ಲಿ, ಹೊಲ ಮರ ನೋಡುತ್ತಾ ಬೆಳೆದರು. ಜಮೀನಿದ್ದ ಮನೆಯ ಹುಡುಗನಿಗೆ ಗಿಡದ ಮೇಲೆ ಪ್ರೀತಿ ಬರೋದು ಸಹಜ. ಮುಂದೆ ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ ಕಲಿತು 1841ರಲ್ಲಿ ಡಾಕ್ಟರ್ ಪದವಿ ಪಡೆದರು. ಆ ಕಾಲಕ್ಕೆ ಔಷಧಿ ಅಂದರೆ ಬಹುಪಾಲು ಬೇರು, ತೊಗಟೆ, ಎಲೆ. ಹಾಗಾಗಿ ಡಾಕ್ಟರಾಗುವವರು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಿತ್ತು. ನಮ್ಮ ಕಡೆ ನಾಟಿ ವೈದ್ಯರಿಗೆ ಗಿಡದ ಗುರುತು ಹೇಗೋ ಹಾಗೆ. ಈ ಎರಡನೇ ವಿದ್ಯೆಯೇ ಅವರ ಬಾಳನ್ನು ಬೇರೆ ದಾರಿಗೆ ತಿರುಗಿಸಿತು.

ಶಿವಮೊಗ್ಗದ ಡಾಕ್ಟರು

1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಸಿಸ್ಟೆಂಟ್ ಸರ್ಜನ್ ಆಗಿ ಮದ್ರಾಸಿಗೆ ಬಂದರು. ಆಗ ಮೈಸೂರು ರಾಜ್ಯದ ಆಡಳಿತ ಮಹಾರಾಜರ ಕೈಯಲ್ಲಿ ಇರಲಿಲ್ಲ. 1831ರಿಂದ 1881ರವರೆಗೆ ಐವತ್ತು ವರ್ಷ ಇಂಗ್ಲಿಷ್ ಕಮಿಷನರುಗಳು ಆಳಿದರು. ಅವರಲ್ಲಿ ಹೆಸರಾದವರು ಸರ್ ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕ್ ಅವರ ಹೆಸರಿನದೇ. ಈ ಕಬ್ಬನ್ ಸಾಹೇಬರ ಕಾಲದಲ್ಲಿ, 1840ರ ದಶಕದ ನಡುವಿನಲ್ಲಿ, ನಮ್ಮ ಡಾಕ್ಟರು ನಗರ ವಿಭಾಗಕ್ಕೆ ನೇಮಕವಾಗಿ ಶಿವಮೊಗ್ಗಕ್ಕೆ ಬಂದರು.

ಮಲೆನಾಡಿನಲ್ಲಿ ಚಳಿಜ್ವರ ಜಾಸ್ತಿ, ರೋಗಿಗಳೂ ಜಾಸ್ತಿ. ಆ ಕೆಲಸದ ನಡುವೆಯೂ ಡಾಕ್ಟರು ಒಂದು ನೇಮ ಇಟ್ಟುಕೊಂಡರು. ದಿನಕ್ಕೆ ಒಂದು ಗಿಡ, ಅದಕ್ಕೆ ಕಾಲು ಗಂಟೆ. ಗಿಡ ತರಿಸಿ, ಹೂ ಬಿಡಿಸಿ ನೋಡಿ, ಹೆಸರು ಬರೆದು, ಊರಿನ ಚಿತ್ರಗಾರನೊಬ್ಬನಿಂದ ಅದರ ಚಿತ್ರ ಬರೆಸುತ್ತಿದ್ದರು. ಹನಿ ಹನಿ ಕೂಡಿದರೆ ಹಳ್ಳ ಅನ್ನೋ ಹಾಗೆ ಮುಂದೆ ಅವರ ಬಳಿ ಸಾವಿರಾರು ಚಿತ್ರಗಳಾದವು. ಅವು ಇವತ್ತಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ನಮ್ಮ ನೆಲದ ಗಿಡಗಳನ್ನು ನಮ್ಮವರದೇ ಕೈ ಬರೆದ ಚಿತ್ರಗಳು ಅವು.

ಗಿಡ ಹುಡುಕಿಕೊಂಡು ಕಾಡು ಸುತ್ತುವವನ ಕಣ್ಣಿಗೆ ಗಿಡ ಇಲ್ಲದ ಜಾಗವೂ ಬೀಳುತ್ತದೆ. ಬೆಟ್ಟದ ಮೈ ಅಲ್ಲಲ್ಲಿ ಬೋಳಾಗುತ್ತಿತ್ತು. ತೇಗ, ಬೀಟೆ, ಹೊನ್ನೆಯಂಥ ಬೆಲೆಬಾಳುವ ಮರಗಳು ಗಾಡಿ ಹೋಗುವ ದಾರಿಯ ಬದಿಯಲ್ಲಿ ಮೊದಲು ಖಾಲಿಯಾದವು. ಯಾರು ಎಷ್ಟು ಕಡಿದರು, ಎಷ್ಟು ಉಳಿದಿದೆ ಅಂತ ಹೇಳುವ ಒಂದು ಪುಸ್ತಕವೂ ಯಾವ ಕಚೇರಿಯಲ್ಲೂ ಇರಲಿಲ್ಲ. ಸಂಘದಲ್ಲಿ ಸಾಲದ ಪುಸ್ತಕವೇ ಇಲ್ಲದೆ ಸಾಲ ಕೊಟ್ಟ ಹಾಗೆ ಅದು.

ಜ್ವರದಿಂದ ಆರೋಗ್ಯ ಕೆಟ್ಟು 1848ರಲ್ಲಿ ರಜೆಯ ಮೇಲೆ ಊರಿಗೆ ಹೋದರು. ಅಲ್ಲೂ ಸುಮ್ಮನೆ ಕೂರಲಿಲ್ಲ. ಇಂಗ್ಲೆಂಡಿನ ವಿಜ್ಞಾನಿಗಳ ದೊಡ್ಡ ಸಭೆಯಾದ ಬ್ರಿಟಿಷ್ ಅಸೋಸಿಯೇಷನ್ 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದಾಗ, ಉಷ್ಣದೇಶಗಳಲ್ಲಿ ಕಾಡು ನಾಶವಾದರೆ ಏನಾಗುತ್ತದೆ ಎಂದು ತಿಳಿಯಲು ಒಂದು ಸಮಿತಿ ಮಾಡಿದರು. ಅದರಲ್ಲಿ ಕ್ಲೆಗಾರ್ನ್ ಮುಖ್ಯರು. 1851ರಲ್ಲಿ ವರದಿ ಕೊಟ್ಟರು. ಇಂಡಿಯಾದ ನಾನಾ ಭಾಗಗಳ ಡಾಕ್ಟರುಗಳು ಮತ್ತು ಅಧಿಕಾರಿಗಳು ಕಂಡದ್ದನ್ನೆಲ್ಲ ಅದರಲ್ಲಿ ಒಟ್ಟುಗೂಡಿಸಿದ್ದರು. ಮರ ಹೋದರೆ ತೊಲೆ, ಸೌದೆ ಮಾತ್ರ ಹೋಗುವುದಿಲ್ಲ. ಒರತೆ ಬತ್ತುತ್ತದೆ, ಮಣ್ಣು ಕೊಚ್ಚಿ ಹೋಗುತ್ತದೆ, ಆದ್ದರಿಂದ ಸರ್ಕಾರ ಹತೋಟಿ ಮಾಡಬೇಕು ಎಂಬುದು ಅದರ ಸಾರ. ಪರಿಸರ ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಮೊನ್ನೆ ಮೊನ್ನೆ. ಆ ಮಾತಿನ ತಿರುಳನ್ನು ಮಲೆನಾಡಿನಲ್ಲಿ ಕೆಲಸ ಮಾಡಿದ ಒಬ್ಬ ಡಾಕ್ಟರು ಅಷ್ಟು ಹಿಂದೆಯೇ ಬರೆದಿಟ್ಟಿದ್ದರು.

ರೈಲು ಬಂತು, ಕಾಡು ಹೋಯಿತು

1852ರಲ್ಲಿ ವಾಪಸು ಬಂದು ಮದ್ರಾಸು ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರರಾದರು. ಅಷ್ಟರಲ್ಲಿ ಮರಕ್ಕೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತ್ತು. ಹಡಗು ಕಟ್ಟಲು ತೇಗ ಬೇಕು. ದಂಡಿನ ತೋಪಿನ ಗಾಡಿಗೆ ಗಟ್ಟಿಮರ ಬೇಕು. ನಮ್ಮ ಹುಣಸೂರಿನಲ್ಲೇ ಕಂಪನಿಯ ದಂಡಿಗೆ ಚರ್ಮದ ಸಾಮಾನು, ಕಂಬಳಿ, ಗಾಡಿ ತಯಾರಿಸುವ ಕಾರ್ಖಾನೆಗಳೂ ಮರದ ಅಂಗಳವೂ ಇದ್ದವು. ತೋಪಿನ ಗಾಡಿ ಎಳೆಯುವ ಅಮೃತಮಹಲ್ ಎತ್ತುಗಳ ಮುಖ್ಯ ಠಾಣೆಯೂ ಹುಣಸೂರೇ ಆಗಿತ್ತು.

ಇದೆಲ್ಲದರ ಮೇಲೆ ಬಂದದ್ದು ರೈಲು. ದಕ್ಷಿಣ ಭಾರತದ ಮೊದಲ ರೈಲು 1856ರ ಜುಲೈ 1ರಂದು ಮದ್ರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ ಓಡಿತು. ಕಂಬಿಯ ಕೆಳಗೆ ಅಡ್ಡ ಹಾಕುವ ಸ್ಲೀಪರುಗಳು ಆಗ ಮರದವು. ಗಜಕ್ಕೆ ಒಂದರಂತೆ ಹಿಡಿದರೂ ಒಂದು ಮೈಲಿಗೆ 1,760 ಸ್ಲೀಪರು. ನೂರು ಮೈಲಿಗೆ 1,76,000. ಬಿಸಿಲು, ಮಳೆ, ಗೆದ್ದಲಿಗೆ ಸಿಕ್ಕು ಕೆಲವೇ ವರ್ಷಕ್ಕೆ ಅವು ಹಾಳಾದರೆ ಮತ್ತೆ ಅಷ್ಟೇ ಮರ. ಮೇಲಾಗಿ ಇಂಜಿನ್ನಿಗೆ ಉರಿಸಲೂ ಸೌದೆ. ಕಂಟ್ರಾಕ್ಟುದಾರರು ಕೈಗೆ ಸಿಕ್ಕ ಮರ ಕಡಿದು, ಚೆನ್ನಾದ ತುಂಡು ಸಾಗಿಸಿ, ಮಿಕ್ಕಿದ್ದನ್ನು ಅಲ್ಲೇ ಕೊಳೆಯಲು ಬಿಡುತ್ತಿದ್ದರು.

ಆಗ ಮದ್ರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್. ಅವರು ಅರಣ್ಯ ಇಲಾಖೆ ಕಟ್ಟುವ ಕೆಲಸವನ್ನು ಕ್ಲೆಗಾರ್ನ್ ಅವರಿಗೆ ವಹಿಸಿದರು. 1856ರ ಡಿಸೆಂಬರಿನಲ್ಲಿ ಸಾಹೇಬರು ಮದ್ರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಕರಾದರು. ಆಗಿನ ಮದ್ರಾಸು ಪ್ರಾಂತ್ಯ ಬಹಳ ದೊಡ್ಡದು. ದಕ್ಷಿಣ ಕನ್ನಡ, ಉತ್ತರ ಕನ್ನಡ ಎರಡೂ ಅದರಲ್ಲಿದ್ದವು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ. ಹಾಗಾಗಿ ದಾಂಡೇಲಿಯ ಹೆಸರಾಂತ ತೇಗದ ಕಾಡೂ, ಕಾಳಿ ನದಿಯಲ್ಲಿ ತೇಲಿಸಿ ಸಮುದ್ರಕ್ಕೆ ಇಳಿಸುತ್ತಿದ್ದ ದಿಮ್ಮಿಗಳೂ ಇವರ ಉಸ್ತುವಾರಿಗೆ ಬಂದವು.

ಮೂರ್ನಾಲ್ಕು ವರ್ಷ ಅವರು ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ಕಾಡು ಕಾಡು ಸುತ್ತಿದರು. ಆನೆಮಲೆ, ನೀಲಗಿರಿ, ವಯನಾಡು, ಕನ್ನಡ ಜಿಲ್ಲೆಗಳ ಘಟ್ಟ, ಯಾವುದನ್ನೂ ಬಿಡಲಿಲ್ಲ. ಮಲಬಾರಿನ ನೀಲಂಬೂರಿನಲ್ಲಿ ಕಲೆಕ್ಟರ್ ಕಾನಲಿಯವರು ಚಾತು ಮೆನನ್ ಎಂಬ ಅಧಿಕಾರಿಯ ದುಡಿಮೆಯಿಂದ 1840ರ ದಶಕದಲ್ಲೇ ಹಾಕಿಸಿದ್ದ ತೇಗದ ತೋಟ ಆಗ ಎದ್ದು ನಿಂತಿತ್ತು. ಬೀಜ ಹಾಕಿ ತೇಗ ಬೆಳೆಸಬಹುದು ಅನ್ನುವುದಕ್ಕೆ ಅದೇ ಸಾಕ್ಷಿ. ಅದರ ಒಂದು ಭಾಗ ಈಗಲೂ ಇದೆ.

ಸಾಹೇಬರು ತಂದ ಕಟ್ಟುಪಾಡುಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂದು, ತೇಗ, ಬೀಟೆ ಮುಂತಾದ ಮರಗಳನ್ನು ಅಪ್ಪಣೆ ಇಲ್ಲದೆ ಯಾರೂ ಕಡಿಯುವಂತಿಲ್ಲ. ಎರಡು, ಬಲಿತ ಮರ ಮಾತ್ರ ಕಡಿಯಬೇಕು, ಎಳೆಯದನ್ನು ಮುಟ್ಟಬಾರದು. ಮೂರು, ಕಡಿದದ್ದಕ್ಕೆಲ್ಲ ಲೆಕ್ಕ ಇಡಬೇಕು, ಇಲಾಖೆಯ ಡಿಪೋ ಮೂಲಕವೇ ಮಾರಾಟ. ನಾಲ್ಕು, ಸೌದೆಗೆ ಅಂತಲೇ ಬೇಗ ಬೆಳೆಯುವ ಮರದ ತೋಪು ಹಾಕಬೇಕು. ತೊಲೆ ಆಗುವ ಮರ ಒಲೆಗೆ ಹೋಗಬಾರದು. ಐದು, ಬೆಟ್ಟದ ನೆತ್ತಿ, ಹಳ್ಳದ ಮೂಲದಲ್ಲಿ ಕಾಡು ಉಳಿಯಬೇಕು. ಕಾಫಿ ತೋಟಕ್ಕೆಂದು ಗುಡ್ಡದ ನೆತ್ತಿವರೆಗೂ ಬೋಳಿಸುತ್ತಿದ್ದ ಬಿಳಿಯ ತೋಟದ ಮಾಲೀಕರ ಬಗ್ಗೆಯೂ ಅವರು ವರದಿಗಳಲ್ಲಿ ಎಚ್ಚರಿಕೆ ಬರೆದರು. ತಮ್ಮವರೇ ಅಂತ ಬಿಡಲಿಲ್ಲ. ಈ ವರದಿಗಳೆಲ್ಲ ಸೇರಿ 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗೆಗಿನ ಪುಸ್ತಕವಾಗಿ ಅಚ್ಚಾದವು.

ಅಸಲು ಮುಟ್ಟದೆ ಬಡ್ಡಿ ತಿನ್ನುವ ಲೆಕ್ಕ

ಇಲ್ಲಿ ಇನ್ನೊಬ್ಬ ಮಹನೀಯರನ್ನು ನೆನೆಯಲೇಬೇಕು. ಜರ್ಮನಿಯ ಬಾನ್ ನಗರದ ಡೀಟ್ರಿಚ್ ಬ್ರಾಂಡಿಸ್ ಅವರು. ಕ್ಲೆಗಾರ್ನ್ ಮದ್ರಾಸಿನಲ್ಲಿ ಕೆಲಸ ಶುರು ಮಾಡಿದ 1856ರಲ್ಲೇ ಬ್ರಾಂಡಿಸ್ ಬರ್ಮಾದ ಪೆಗು ಸೀಮೆಯ ತೇಗದ ಕಾಡಿಗೆ ಬಂದರು. ಮುಂದೆ ಇಬ್ಬರೂ ಜೊತೆಯಾಗಿ ಇಡೀ ದೇಶದ ಅರಣ್ಯಾಡಳಿತ ಕಟ್ಟಿದರು.

ಬ್ರಾಂಡಿಸ್ ಅವರ ಮರ ಎಣಿಕೆಯ ಕ್ರಮವನ್ನು ರೈತರೆಲ್ಲ ತಿಳಿಯಬೇಕು. ಇಡೀ ಕಾಡಿನ ಮರ ಎಣಿಸಲು ಆಗುತ್ತದೆಯೇ? ಆಗದು. ಅದಕ್ಕೆ ಅವರು ಆನೆಯ ಮೇಲೆ ಕೂತು ಕಾಡಿನೊಳಗೆ ಒಂದು ದಾರಿ ಹಿಡಿದು ಹೋಗುತ್ತಾ, ಅಕ್ಕಪಕ್ಕ ಕಾಣುವ ತೇಗವನ್ನು ಮಾತ್ರ ಎಣಿಸುತ್ತಿದ್ದರು. ಮಳೆಯಲ್ಲಿ ಕಾಗದ ನಿಲ್ಲದು. ಆದ್ದರಿಂದ ಎಡಗೈಯಲ್ಲಿ ನಾಲ್ಕು ಕಡ್ಡಿ, ಬಲಗೈಯಲ್ಲಿ ಚಾಕು. ಮರದ ಸುತ್ತಳತೆಯ ಪ್ರಕಾರ ನಾಲ್ಕು ದರ್ಜೆ, ದರ್ಜೆಗೊಂದು ಕಡ್ಡಿ, ಮರ ಕಂಡಂತೆ ಆಯಾ ಕಡ್ಡಿಗೆ ಒಂದು ಗೀರು. ಸಂಜೆ ಡೇರೆಗೆ ಬಂದು ಗೀರು ಎಣಿಸಿದರೆ ಕಾಡಿನ ಅಂದಾಜು ಸಿಕ್ಕಿತು. ಹಿಂದೆ ನಮ್ಮ ಹೆಂಗಸರು ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಸುಣ್ಣದ ಗೀರು ಎಳೆಯುತ್ತಿದ್ದರಲ್ಲ, ಅದೇ ವಿದ್ಯೆ.

ಸುತ್ತಳತೆ ಆರು ಅಡಿ ದಾಟಿದ್ದು ಮೊದಲ ದರ್ಜೆ, ಕಡಿಯಲು ಯೋಗ್ಯ. ಅದರ ಕೆಳಗಿನ ದರ್ಜೆಯ ಮರ ಮೊದಲ ದರ್ಜೆಗೆ ಏರಲು 24 ವರ್ಷ ಬೇಕೆಂದು ಲೆಕ್ಕ ಹಾಕಿದರು. ಹಾಗಾದರೆ ಮೊದಲ ದರ್ಜೆಯ ಮರಗಳನ್ನು 24 ಪಾಲು ಮಾಡಿ ವರ್ಷಕ್ಕೆ ಒಂದು ಪಾಲು ಮಾತ್ರ ಕಡಿದರೆ, ಅದು ಮುಗಿಯುವ ಹೊತ್ತಿಗೆ ಕೆಳಗಿನವು ಮೇಲೆ ಬಂದಿರುತ್ತವೆ. ಕಾಡು ಎಂದೂ ಖಾಲಿಯಾಗುವುದಿಲ್ಲ.

ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಡು ಒಂದು ಠೇವಣಿ, ವರ್ಷ ವರ್ಷದ ಬೆಳವಣಿಗೆ ಅದರ ಬಡ್ಡಿ. ಬಡ್ಡಿ ತಿನ್ನಬಹುದು, ಅಸಲು ಮುಟ್ಟಬಾರದು. ಸಹಕಾರ ಸಂಘಗಳ ಕಾಯಿದೆ ಪ್ರಕಾರ ನಿವ್ವಳ ಲಾಭದಲ್ಲಿ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ ಮೀಸಲು ನಿಧಿಗೆ ತೆಗೆದಿಡುತ್ತೇವೆ. ಕಾಡಿನ ಕಾಯಿದೆಯವರು ಇದನ್ನೇ ಮೀಸಲು ಅರಣ್ಯ ಅಂದರು. ಮೀಸಲು ಅನ್ನುವ ಮಾತು ಎರಡೂ ಕಡೆ ಒಂದೇ. ದೇವರಿಗೆ ಮೀಸಲು ತೆಗೆದಿಟ್ಟ ಮೊದಲ ತೆನೆಯನ್ನು ಮನೆಯವರು ಮುಟ್ಟುವುದಿಲ್ಲವಲ್ಲ, ಆ ಭಾವನೆ ಇದರಲ್ಲಿದೆ.

ಕುಮರಿಯವರ ಪಾಡು

ದೊಡ್ಡವರ ಚರಿತ್ರೆ ಬರೆಯುವಾಗ ಒಳ್ಳೆಯದನ್ನೇ ಬರೆದು ಮುಗಿಸುವುದು ವಾಡಿಕೆ. ಆದರೆ ಕಾಡಂಚಿನವರಾದ ನಾವು ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು.

ಘಟ್ಟದ ಕಾಡುಗಳಲ್ಲಿ ಕುಮರಿ ಬೇಸಾಯ ಅಂತ ಇತ್ತು. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ರಾಗಿ, ನೆಲ್ಲು, ತೊಗರಿ ಚೆಲ್ಲಿ ಒಂದೆರಡು ವರ್ಷ ಬೆಳೆದು, ಆಮೇಲೆ ಬೇರೆ ತುಂಡಿಗೆ ಹೋಗುವುದು. ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಎದ್ದ ಮೇಲೆ ಅಲ್ಲಿಗೆ ವಾಪಸು. ನೇಗಿಲು, ಎತ್ತು, ಹಿಡುವಳಿ ಭೂಮಿ ಇಲ್ಲದ ಕಾಡಿನ ಜನರ ಹೊಟ್ಟೆಪಾಡು ಅದು. ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಾಡುಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ಕೂಡ ಹೀಗೆ ಬೆಳೆದು ಉಂಡವರೇ.

ಕ್ಲೆಗಾರ್ನ್ ಸಾಹೇಬರ ಕಣ್ಣಿಗೆ ಇದು ಶುದ್ಧ ನಷ್ಟವಾಗಿ ಕಂಡಿತು. ಎರಡು ಪಲ್ಲ ರಾಗಿಗಾಗಿ ನೂರು ವರ್ಷದ ಮರ ಬೂದಿಯಾಗುತ್ತದಲ್ಲ ಎಂಬುದು ಅವರ ಸಂಕಟ. ಅವರು ಬಲವಾಗಿ ವಾದಿಸಿ ಬರೆದರು. 1860ರಲ್ಲಿ ಮದ್ರಾಸು ಸರ್ಕಾರ ಅಪ್ಪಣೆಯಿಲ್ಲದ ಕುಮರಿಯನ್ನು ಸರ್ಕಾರಿ ಕಾಡುಗಳಲ್ಲಿ ನಿಷೇಧಿಸಿತು.

ಅವರ ಲೆಕ್ಕದಲ್ಲಿ ಅರ್ಧ ಸರಿ ಇತ್ತು. ಜನ ಹೆಚ್ಚಿ, ಕಾಡು ಕುಗ್ಗಿ, ಬಿಟ್ಟ ಜಾಗಕ್ಕೆ ಬೇಗ ಬೇಗ ವಾಪಸಾದರೆ ಕಾಡು ಮೇಲೆ ಏಳುವುದಿಲ್ಲ, ನಿಜ. ಆದರೆ ಅದೇ ಹೊತ್ತಿಗೆ ರೈಲಿಗೆ ಲಕ್ಷಗಟ್ಟಲೆ ಸ್ಲೀಪರು ಹೋಗುತ್ತಿತ್ತು, ಕಾಫಿಗೆ ಬೆಟ್ಟಗಳೇ ಬೋಳಾಗುತ್ತಿದ್ದವು. ದೊಡ್ಡವರ ಕೊಡಲಿಗೆ ನಿಯಮ ಬಂದರೂ ಕೆಲಸ ನಿಲ್ಲಲಿಲ್ಲ, ಬಡವನ ಕುಡುಗೋಲು ಮಾತ್ರ ನಿಂತಿತು. ಉಣ್ಣುವ ಅನ್ನ ತಪ್ಪಿಸಿದಾಗ ಬದಲಿಗೆ ಏನು ಅನ್ನುವುದನ್ನು ಕಾಯಿದೆ ಹೇಳಲಿಲ್ಲ. ಕಾಡಿನ ಒಡೆಯನ ಹಾಗೆ ಇದ್ದವನು ಕಾಡಿನ ಕೂಲಿಯಾದ. ಚೋದ್ಯ ಏನೆಂದರೆ, ಕುಮರಿಯ ವಿದ್ಯೆಯನ್ನೇ ಬ್ರಾಂಡಿಸ್ ಬರ್ಮಾದಲ್ಲಿ ಉಪಯೋಗಿಸಿಕೊಂಡರು. ಕರೆನ್ ಎಂಬ ಕಾಡುಜನ ಸುಟ್ಟ ಜಾಗದಲ್ಲಿ ಬೆಳೆಯ ಜೊತೆಗೇ ತೇಗದ ಸಸಿ ನೆಟ್ಟು ಬೆಳೆಸಿಕೊಡುವ ಏರ್ಪಾಡು ಮಾಡಿದರು. ಕೊಡಗಿನ ಕಡೆಯ ಕಾಡುಗಳಲ್ಲೂ ಕುರುಬರ ಕೈಯಿಂದ ಹೀಗೆ ತೇಗ ಎದ್ದಿತು. ಜನರನ್ನು ಜೊತೆಗಿಟ್ಟುಕೊಂಡರೆ ಕಾಡೂ ಬೆಳೆಯುತ್ತದೆ ಅನ್ನುವುದಕ್ಕೆ ಇದೇ ನಿದರ್ಶನ. ಆದರೆ ಮರ ಬೆಳೆದ ಮೇಲೆ ಅದರಲ್ಲಿ ಬೆಳೆಸಿದವನಿಗೆ ಪಾಲು ಇರಲಿಲ್ಲ. ಕಾಡಿನ ಜನರ ಹಕ್ಕನ್ನು ಒಪ್ಪುವ ಕಾಯಿದೆ ಬರಲು 2006ರವರೆಗೆ ಕಾಯಬೇಕಾಯಿತು.

ಸಹಕಾರಿಗಳಾದ ನಾವು ಇದರಿಂದ ಒಂದು ಮಾತು ಕಲಿಯಬೇಕು. ನಿಯಮ ಎಷ್ಟೇ ಒಳ್ಳೆಯದಿರಲಿ, ಯಾರ ಮೇಲೆ ನಿಯಮ ಬೀಳುತ್ತದೋ ಅವರು ಸಭೆಯಲ್ಲಿ ಕೂತಿರಬೇಕು. ಅದಕ್ಕೇ ನಮ್ಮಲ್ಲಿ ಸರ್ವಸದಸ್ಯರ ಸಭೆ ಇರುವುದು.

ಹಿಮಾಲಯ, ಆಮೇಲೆ ಊರು

1861ರಲ್ಲಿ ಸಾಹೇಬರು ಮದುವೆಯಾದರು. ಆಮೇಲೆ ಸರ್ಕಾರ ಅವರನ್ನು ಪಂಜಾಬಿಗೆ ಕಳಿಸಿತು. ಹಿಮಾಲಯದ ದೇವದಾರು ಕಾಡುಗಳನ್ನು ಸುತ್ತಿ, ಎಷ್ಟು ಮರ ಇದೆ, ಯಾವ ನದಿಯಲ್ಲಿ ತೇಲಿಸಬಹುದು, ಎಷ್ಟು ಉಳಿಸಬೇಕು ಅಂತ 1864ರಲ್ಲಿ ದೊಡ್ಡ ವರದಿ ಕೊಟ್ಟರು. ಅದೇ ವರ್ಷ ಬ್ರಾಂಡಿಸ್ ಇಡೀ ಇಂಡಿಯಾದ ಮೊದಲ ಅರಣ್ಯ ಇನ್ಸ್‌ಪೆಕ್ಟರ್ ಜನರಲ್ ಆದರು. ಬ್ರಾಂಡಿಸ್ ರಜೆಯಲ್ಲಿದ್ದಾಗ ಆ ಹುದ್ದೆಯನ್ನೂ ಕ್ಲೆಗಾರ್ನ್ ನೋಡಿಕೊಂಡರು. ನಮ್ಮ ಮೈಸೂರು ಅರಣ್ಯ ಇಲಾಖೆ ಶುರುವಾದದ್ದೂ ಇದೇ 1864ರಲ್ಲಿ. ಮುಂದೆ 1865, 1878ರ ಅರಣ್ಯ ಕಾಯಿದೆಗಳು, ನಮ್ಮಲ್ಲಿ 1900ರ ಮೈಸೂರು ಅರಣ್ಯ ರೆಗ್ಯುಲೇಷನ್, 1963ರ ಕರ್ನಾಟಕ ಅರಣ್ಯ ಕಾಯಿದೆ, ಹೀಗೆ ಕೊಂಡಿ ಬೆಳೆಯಿತು. ಮದ್ರಾಸಿನಲ್ಲಿ ಅವರ ಜಾಗಕ್ಕೆ ಬಂದವರು ಅವರ ಸಹಾಯಕರಾಗಿದ್ದ ಬೆಡೋಮ್ ಅವರು. ಜರೀಗಿಡ, ಹಾವುಗಳ ಬಗ್ಗೆ ಬರೆದು ಅವರೂ ಹೆಸರಾದರು.

1860ರ ದಶಕದ ಕೊನೆಗೆ ಕ್ಲೆಗಾರ್ನ್ ನಿವೃತ್ತರಾಗಿ ಸ್ಟ್ರಾವಿಥಿಯ ಜಮೀನಿಗೆ ಮರಳಿದರು. ಮಕ್ಕಳಿರಲಿಲ್ಲ. ಅಲ್ಲೂ ಮರ ನೆಡಿಸಿದರು, ಸ್ಕಾಟ್‌ಲೆಂಡಿನ ಮರ ಬೆಳೆಗಾರರ ಸಂಘಕ್ಕೆ ಅಧ್ಯಕ್ಷರಾದರು. ಇಂಡಿಯಾದ ಅರಣ್ಯ ಕೆಲಸಕ್ಕೆ ಹುಡುಗರನ್ನು ಆರಿಸುವುದರಲ್ಲಿ ಸಹಾಯ ಮಾಡಿದರು. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕೂ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಪಾಠ ಶುರುವಾಗುವುದಕ್ಕೂ ದುಡಿದರು. 1895ರ ಮೇ 16ರಂದು ತೀರಿಕೊಂಡರು. ಒಂದು ಜಾತಿಯ ಬಳ್ಳಿಗೆ ಸಸ್ಯಶಾಸ್ತ್ರಜ್ಞ ವೈಟ್ ಅವರು ಕ್ಲೆಗಾರ್ನಿಯಾ ಎಂದು ಇವರ ಹೆಸರನ್ನೇ ಇಟ್ಟಿದ್ದಾರೆ.

ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನವರಿಗೆ ಈ ಚರಿತ್ರೆ ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು.

ನಾಗರಹೊಳೆಯ ಕಾಡಿನಲ್ಲಿ ಹಳೆಯ ತೇಗದ ತೋಟಗಳು ಇವತ್ತಿಗೂ ನಿಂತಿವೆ. ತೊಲೆಗಾಗಿ ಒಂದೇ ಜಾತಿ ಮರವನ್ನು ಸಾಲಾಗಿ ನೆಟ್ಟದ್ದು. ಈಗ ಅದು ರಾಷ್ಟ್ರೀಯ ಉದ್ಯಾನ, 1999ರಿಂದ ಹುಲಿ ಯೋಜನೆಯ ಪ್ರದೇಶ. ಅಲ್ಲಿ ಮರ ಕಡಿದು ಮಾರುವ ಹಾಗಿಲ್ಲ. ತೇಗದ ಕೆಳಗೆ ಬಿದಿರು, ಹುಲ್ಲು ಕಡಿಮೆ, ಬೆಳಕು ಬಿದ್ದ ಕಡೆ ಲಂಟಾನ ಹಬ್ಬಿದೆ. ಆನೆಗೆ ಮೇವು ಕಡಿಮೆಯಾಗಿ ನಮ್ಮ ರಾಗಿ, ಜೋಳಕ್ಕೆ ಬರುವುದಕ್ಕೆ ಇದೂ ಒಂದು ಕಾರಣ ಅಂತ ಬಲ್ಲವರು ಹೇಳುತ್ತಾರೆ. ಮರದ ಲೆಕ್ಕ ಮಾತ್ರ ನೋಡಿ ಕಾಡಿನ ಮಿಕ್ಕ ಬಾಬ್ತು ಮರೆತರೆ ನೂರು ವರ್ಷದ ಮೇಲೂ ಕಂತು ಕಟ್ಟಬೇಕಾಗುತ್ತದೆ. ಆನೆ ತಡೆಯಲು ಈಗ ಕಾಡಂಚಿಗೆ ಹಾಕುತ್ತಿರುವುದು ಹಳೇ ರೈಲು ಕಂಬಿಯ ಬೇಲಿ. ಯಾವ ಕಂಬಿಗೆ ಆಸರೆಯಾಗಲು ಕಾಡಿನ ಮರ ಹೋಯಿತೋ ಅಂಥದೇ ಕಂಬಿ ಈಗ ಕಾಡಿನ ಬಾಗಿಲಿಗೆ ಬಂದು ನಿಂತಿದೆ.

ಇನ್ನು ನಮ್ಮ ಹೊಲದ ಮಾತು. ಹೊಗೆಸೊಪ್ಪು ನಮ್ಮ ಕಡೆಯ ಮುಖ್ಯ ದುಡ್ಡಿನ ಬೆಳೆ. ಬ್ಯಾರನ್ನಿನಲ್ಲಿ ಒಂದು ಕೆ.ಜಿ. ಸೊಪ್ಪು ಬೇಯಿಸಿ ಹದ ಮಾಡಲು ನಾಲ್ಕೈದು ಕೆ.ಜಿ. ಸೌದೆ ಬೇಕು. ಹದಿನೈದು ಕ್ವಿಂಟಾಲ್ ಸೊಪ್ಪು ಹದ ಮಾಡುವ ಮನೆಗೆ ಆರೇಳು ಟನ್ ಸೌದೆ. ಇಷ್ಟು ಸೌದೆ ಪ್ರತಿ ವರ್ಷ ಎಲ್ಲಿಂದ ಬರುತ್ತದೆ? ಕಾಡಿನಿಂದ ತರುವಂತಿಲ್ಲ. ಹೊಲದ ಬದುವಿನ ಮಾವು, ಹುಣಸೆ, ಬೇವು, ಹೊಂಗೆಗಳೇ ಹೋಗುತ್ತವೆ. ತಾತ ನೆಟ್ಟ ಮರ ಒಂದು ಬೇಯಿಸುವಿಕೆಗೆ ಬೂದಿ.

ಕ್ಲೆಗಾರ್ನ್, ಬ್ರಾಂಡಿಸ್ ಇವರ ಲೆಕ್ಕವನ್ನು ನಮ್ಮ ಜಮೀನಿಗೆ ತಂದರೆ ಹೀಗೆ ಮಾಡಬಹುದು. ಸರ್ವೆ ಮರ ಐದು ವರ್ಷಕ್ಕೆ ಸೌದೆಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಸೌದೆಗೆ ಅಂತ ಬಿಟ್ಟ ಜಾಗವನ್ನು ಐದು ಪಟ್ಟೆ ಮಾಡಿ, ವರ್ಷಕ್ಕೊಂದು ಪಟ್ಟೆ ನೆಡಿ. ಐದನೇ ವರ್ಷ ಮುಗಿದ ಮೇಲೆ ವರ್ಷಕ್ಕೊಂದು ಪಟ್ಟೆ ಕಡಿದು ಅಲ್ಲೇ ಮತ್ತೆ ನೆಡಿ. ಯಾವ ವರ್ಷವೂ ಸೌದೆಗೆ ತಾಪತ್ರಯ ಇಲ್ಲ, ಯಾವ ವರ್ಷವೂ ಜಮೀನು ಪೂರ್ತಿ ಬೋಳಾಗುವುದಿಲ್ಲ. ತೊಲೆಗೆ ತೇಗ, ಹೆಬ್ಬೇವು, ಸಿಲ್ವರ್ ಓಕ್ ಬದುವಿನಲ್ಲಿ ಬೇರೆಯೇ ಇರಲಿ. ಒತ್ತಾಗಿ ಬಂದಾಗ ಸೊಟ್ಟ, ಸಣಕಲು ಮರ ತೆಗೆದು ಚೆನ್ನಾಗಿರುವುದಕ್ಕೆ ಜಾಗ ಬಿಡಬೇಕು. ಶ್ರೀಗಂಧ ಬೆಳೆದವನಿಗೇ ಸೇರಿದ್ದು ಎಂದು 2001ರಲ್ಲಿ ಕಾಯಿದೆ ತಿದ್ದುಪಡಿ ಆಗಿದೆ. ಕಡಿಯುವ ಮುಂಚೆ ಯಾವ ಮರಕ್ಕೆ ಪರ್ಮಿಟ್ ಬೇಕು, ಯಾವುದಕ್ಕೆ ಬೇಡ ಅಂತ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಳ್ಳದ ದಡ, ಕೆರೆ ಅಂಗಳದ ಮೇಲ್ಭಾಗದ ಮರಗಳನ್ನು ಮಾತ್ರ ಮೀಸಲು ಅಂತಲೇ ಭಾವಿಸಿ ಬಿಡಬೇಕು. ಲಕ್ಷ್ಮಣತೀರ್ಥ, ಕಬಿನಿಗೆ ನೀರು ಬರುವುದು ಆ ಬೇರುಗಳ ಕೃಪೆಯಿಂದ.

ಇದು ಒಬ್ಬರಿಂದ ಆಗುವ ಕೆಲಸ ಅಲ್ಲ. ಎರಡು ಎಕರೆಯವನಿಗೆ ಐದು ಪಟ್ಟೆ ಬಿಡಲು ಜಾಗ ಎಲ್ಲಿದೆ? ನಾಲ್ಕು ಜನ ಸೇರಿ ಪಾಳು ಬಿದ್ದ ಜಾಗದಲ್ಲಿ ಒಟ್ಟಿಗೆ ನೆಟ್ಟು, ಸರದಿ ಪ್ರಕಾರ ಹಂಚಿಕೊಂಡರೆ ಆಗುತ್ತದೆ. ಸಂಘವು ಸಾಲಕ್ಕೆ, ಗೊಬ್ಬರಕ್ಕೆ ಪುಸ್ತಕ ಇಟ್ಟ ಹಾಗೆ ಊರಿನ ಮರಕ್ಕೂ ಒಂದು ಪುಸ್ತಕ ಇಡಬಹುದು. ಯಾರ ಬದುವಿನಲ್ಲಿ ಎಷ್ಟು ಮರ, ಎಷ್ಟು ಅಡಿ ಸುತ್ತಳತೆ, ಈ ವರ್ಷ ಎಷ್ಟು ಕಡಿದೆವು, ಎಷ್ಟು ನೆಟ್ಟೆವು, ನೆಟ್ಟದ್ದರಲ್ಲಿ ಎಷ್ಟು ಬದುಕಿತು. ಶಾಲೆ ಮಕ್ಕಳ ಕೈಗೆ ಕಡ್ಡಿ ಕೊಟ್ಟರೆ ಒಂದು ಭಾನುವಾರದಲ್ಲಿ ಎಣಿಸಿ ಬರುತ್ತಾರೆ. ಸರ್ವಸದಸ್ಯರ ಸಭೆಯಲ್ಲಿ ಲಾಭ-ನಷ್ಟದ ತಖ್ತೆ ಓದುವಾಗ ಮರದ ತಖ್ತೆಯನ್ನೂ ಓದಬೇಕು, ಕಾಡಂಚಿನ ಹಾಡಿಯವರನ್ನೂ ಆ ಸಭೆಗೆ ಕರೆಯಬೇಕು ಎಂಬುದು ನಮ್ಮ ಸಲಹೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಂಘಕ್ಕೆ ಐವತ್ತು ತುಂಬಿ ಸುವರ್ಣ ಮಹೋತ್ಸವ ಬರುವುದಕ್ಕೆ ಇನ್ನು ಇಪ್ಪತ್ತೈದು ವರ್ಷ ಇದೆ. ಬ್ರಾಂಡಿಸ್ ಲೆಕ್ಕದ 24 ವರ್ಷಕ್ಕೆ ಹೆಚ್ಚು ಕಡಿಮೆ ಅಷ್ಟೇ. ಈ ಮುಂಗಾರಿಗೆ ನೆಟ್ಟ ತೇಗ ಆ ಹೊತ್ತಿಗೆ ಮನೆ ತೊಲೆಗೆ ಆಗುವಷ್ಟು ಬೆಳೆದಿರುತ್ತದೆ. ಸದಸ್ಯರೆಲ್ಲರೂ ಮುಂಗಾರು ಶುರುವಾಗುವ ಮುಂಚೆ ಸಂಘದ ಕಚೇರಿಗೆ ಬಂದು ತಮಗೆ ಬೇಕಾದ ಸಸಿಗಳ ಸಂಖ್ಯೆ ಬರೆಸಬೇಕೆಂದು ಕೋರುತ್ತಾ ಈ ಲೇಖನವನ್ನು ಮುಗಿಸುತ್ತೇವೆ.

ಜೈ ಸಹಕಾರ.